ಯಾರಿಗೆ ಏನು ಗೊತ್ತು: ಧಾರಾವಾಹಿಯನ್ನು ಕೂಡಿ ಬರೆಯುವ ವಿದ್ಯೆ

ಕನ್ನಡದ ದಿನಧಾರಾವಾಹಿಯ ಹೆಸರುಪಟ್ಟಿಯಲ್ಲಿ ಕಥೆ, ಚಿತ್ರಕಥೆ, ಸಂಭಾಷಣೆ ಎಂಬ ಮೂರು ಪದಗಳ ಎದುರು ಬೇರೆ ಬೇರೆ ಹೆಸರುಗಳು ಕಾಣಿಸಿಕೊಳ್ಳುವುದುಂಟು. ಸಿನಿಮಾದಿಂದ ಬಂದ ಈ ವಿಂಗಡಣೆ ಕಿರುತೆರೆಯಲ್ಲಿ ಇನ್ನಷ್ಟು ಗಟ್ಟಿಯಾದುದಕ್ಕೆ ಬರಿಯ ಲೆಕ್ಕವೇ ಕಾರಣ: ಅರ್ಧ ಗಂಟೆಯಲ್ಲಿ ಜಾಹೀರಾತು ಕಳೆದು ಉಳಿಯುವುದು ಸುಮಾರು 22 ನಿಮಿಷ, ವಾರಕ್ಕೆ 5 ಸಂಚಿಕೆಯೆಂದರೆ 110 ನಿಮಿಷ, ಅಂದರೆ ವಾರಕ್ಕೊಂದು ಚಿಕ್ಕ ಚಲನಚಿತ್ರದಷ್ಟು ಬರವಣಿಗೆ, ಅದೂ ವರ್ಷಗಟ್ಟಲೆ, ನಿಲ್ಲದೆ ಸಿದ್ಧವಾಗುತ್ತಿರಬೇಕು.

ಹಲವರು ಕೂಡಿ ಧಾರಾವಾಹಿ ಕಟ್ಟುವ ರೂಢಿ ಕನ್ನಡಕ್ಕೆ ಹೊಸದೇನಲ್ಲ. 1998ರಲ್ಲಿ ದೂರದರ್ಶನದಲ್ಲಿ ಪ್ರಸಾರವಾಗತೊಡಗಿದ ‘ಮಾಯಾಮೃಗ’ವನ್ನು ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಮೂವರೂ ಸೇರಿ ನಿರ್ದೇಶಿಸಿದ್ದರು. 2000ದಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ, 2007ರಲ್ಲಿ ಸುವರ್ಣ ಬಂದ ಮೇಲೆ ಧಾರಾವಾಹಿಗಳ ಸಂಖ್ಯೆ ಬೆಳೆದು, ವಾಹಿನಿಯವರೂ ಬರವಣಿಗೆಯಲ್ಲಿ ಪಾಲು ಪಡೆದರು. ಕೆಲಸ ಕೈಯಿಂದ ಕೈಗೆ ಸಾಗುವ ಸರಪಳಿಯಾಯಿತು.

ಪ್ರಸ್ತುತ ಲೇಖಕನಿಗೆ ಈ ಸರಪಳಿಯ ಪರಿಚಯವಾದದ್ದು ಬೆಂಗಳೂರಿನ ಪಶ್ಚಿಮ ಭಾಗದಲ್ಲಿ: ಕಥಾಚರ್ಚೆ ವಿಜಯನಗರದ ಒಂದು ಮನೆಯ ಎರಡನೆಯ ಮಹಡಿಯಲ್ಲಿ, ಚಿತ್ರೀಕರಣ ಕೆಂಗೇರಿಯ ಆಚೆ ಬಾಡಿಗೆಗೆ ಹಿಡಿದ ಬಂಗಲೆಯಲ್ಲಿ, ಸಂಭಾಷಣೆಯ ಬರವಣಿಗೆ ಬಸವೇಶ್ವರನಗರದ ಸ್ವಂತ ಮನೆಯ ಊಟದ ಮೇಜಿನ ಮೇಲೆ. ಮೊದಲು ನಿರ್ಧಾರವಾಗುವುದು ‘ಟ್ರ್ಯಾಕ್’, ಅಂದರೆ ಒಂದೆರಡು ತಿಂಗಳು ಎಳೆಯಬಲ್ಲ ಕಥೆಯ ಎಳೆ. ಅದನ್ನು ದೃಶ್ಯಗಳಾಗಿ ಒಡೆದು, ಪ್ರತಿ ದೃಶ್ಯದಲ್ಲಿ ಏನಾಗುತ್ತದೆ ಎಂಬುದನ್ನು ಮೂರು ನಾಲ್ಕು ಸಾಲಿನಲ್ಲಿ ಹೇಳುವುದು ‘ಒನ್‌ಲೈನ್’. ವಾಹಿನಿ ಅದನ್ನು ಒಪ್ಪಿದ ಮೇಲಷ್ಟೇ ಸಂಭಾಷಣೆಕಾರರ ಸರದಿ. ಪ್ರಸಾರಕ್ಕಿಂತ ಮುಂಚಿತವಾಗಿ ಚಿತ್ರೀಕರಿಸಿ ಇಟ್ಟುಕೊಂಡ ಸಂಚಿಕೆಗಳಿಗೆ ‘ಬ್ಯಾಂಕಿಂಗ್’ ಎನ್ನುತ್ತಾರೆ. ಅದು ಕರಗಿದ ವಾರಗಳಲ್ಲಿ ಈ ಮೂರು ಹಂತಗಳೂ ಒಂದೇ ರಾತ್ರಿಯಲ್ಲಿ ಮುಗಿಯುತ್ತವೆ.

ಹವ್ಯಾಸಿ ರಂಗಭೂಮಿಯಿಂದ ಬಂದ ಲೇಖಕನಿಗೆ ಮಾತೇ ಬರವಣಿಗೆ, ಒನ್‌ಲೈನ್ ಬರಿಯ ಗುಮಾಸ್ತಿಕೆ ಎಂಬ ಭ್ರಮೆಯಿತ್ತು. ಅದು ಕಳಚಿದ್ದು ತಾಳಮದ್ದಳೆಯನ್ನು ನೆನೆದಾಗ: ಅಲ್ಲಿ ಪ್ರಸಂಗದ ಪದ್ಯ ಮೊದಲೇ ಗೊತ್ತಿರುತ್ತದೆ, ಅರ್ಥಧಾರಿ ಎದುರಾಳಿಯ ಮಾತಿಗೆ ತಕ್ಕಂತೆ ಅರ್ಥವನ್ನು ಸ್ಥಳದಲ್ಲೇ ಕಟ್ಟುತ್ತಾನೆ, ಆದರೆ ಪದ್ಯದ ಚೌಕಟ್ಟನ್ನು ಮೀರಿದರೆ ಮುಂದಿನ ಪದ್ಯಕ್ಕೆ ಭಾಗವತರು ದಾರಿ ಕಾಣರು. ಒನ್‌ಲೈನ್ ಅಂಥದೇ ಪದ್ಯ. ಲೇಖಕ ಮೋಹದಿಂದ ಬರೆದ ಎಷ್ಟೋ ಮಾತುಗಳನ್ನು ಹಿರಿಯ ಚಿತ್ರಕಥೆಗಾರ್ತಿಯೊಬ್ಬರು ಹೊಡೆದುಹಾಕಿದ್ದು ಅವು ಕೆಟ್ಟವೆಂದಲ್ಲ, ಮರುದಿನ ಇನ್ನೊಬ್ಬರು ಬರೆಯಬೇಕಾದ ದೃಶ್ಯದ ಬಂಡವಾಳವನ್ನು ಇಂದೇ ಖರ್ಚು ಮಾಡುತ್ತವೆಂದು.

ಎಲ್ಲಕ್ಕಿಂತ ಕಷ್ಟದ ಪಾಠ ನೆನಪಿಗೆ ಸಂಬಂಧಿಸಿದ್ದು. ಕೌಟುಂಬಿಕ ಧಾರಾವಾಹಿ ನಡೆಯುವುದೇ ಗುಟ್ಟುಗಳ ಮೇಲೆ; ಒಬ್ಬರಿಗೆ ತಿಳಿದದ್ದು ಇನ್ನೊಬ್ಬರಿಗೆ ತಿಳಿಯದಿರುವವರೆಗೆ ಕಥೆ ಉಸಿರಾಡುತ್ತದೆ. ಒಬ್ಬರೇ ಬರೆದರೆ ಈ ಲೆಕ್ಕ ತಲೆಯಲ್ಲಿರುತ್ತದೆ, ನಾಲ್ವರು ಬರೆದರೆ ಯಾರ ತಲೆಯಲ್ಲೂ ಇರುವುದಿಲ್ಲ. ಲೇಖಕ ಬರೆದ ಒಂದು ದೃಶ್ಯದಲ್ಲಿ, ಮುಂದಿನ ವಾರ ಬಯಲಾಗಬೇಕಿದ್ದ ಸಾಲದ ವಿಷಯವನ್ನು ಕಿರಿಯ ಸೊಸೆ ನಾಲ್ಕು ದಿನ ಮೊದಲೇ ಆಡಿಬಿಟ್ಟಳು. ತಪ್ಪು ಸಂಕಲನದ ಹೊತ್ತಿಗೆ ಕಣ್ಣಿಗೆ ಬಿದ್ದುದರಿಂದ, ಮನೆಕೆಲಸದವಳು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡು ಸೊಸೆಗೆ ಹೇಳುವ ತುಣುಕೊಂದನ್ನು ಚಿತ್ರಿಸಿ ಹಿಂದಿನ ಸಂಚಿಕೆಗೆ ಸೇರಿಸಬೇಕಾಯಿತು. (ಧಾರಾವಾಹಿಗಳಲ್ಲಿ ಕದ್ದು ಕೇಳುವವರು ಇಷ್ಟೊಂದು ಏಕೆಂದು ನಗುವ ಪ್ರೇಕ್ಷಕರು, ಅವರಲ್ಲಿ ಕೆಲವರಾದರೂ ಬರಹಗಾರರ ಮರೆವಿನಿಂದ ಹುಟ್ಟಿದವರೆಂದು ತಿಳಿಯಬೇಕು.) ಆ ಬಳಿಕ ಒಂದು ಉದ್ದ ಲೆಕ್ಕದ ಪುಸ್ತಕ ಬಂತು: ಎಡಕ್ಕೆ ಗುಟ್ಟುಗಳು, ಮೇಲೆ ಪಾತ್ರಗಳ ಹೆಸರು, ನಡುವಿನ ಮನೆಗಳಲ್ಲಿ ಆ ಪಾತ್ರಕ್ಕೆ ವಿಷಯ ತಿಳಿದ ಸಂಚಿಕೆಯ ಸಂಖ್ಯೆ.

ಪುಸ್ತಕದ ಎರಡನೆಯ ಭಾಗ ಸಂಬೋಧನೆಗೆ ಮೀಸಲು. ಕನ್ನಡದಲ್ಲಿ ‘ನೀವು’ ‘ನೀನು’ ಆಗುವುದು ಕಥೆಯ ಒಂದು ಘಟನೆಯೇ ಆಗಬಲ್ಲುದು. ಒಲ್ಲದ ಮದುವೆಯ ಹೆಂಡತಿ ಗಂಡನನ್ನು ‘ರೀ’ ಎನ್ನುವುದನ್ನು ಬಿಟ್ಟು ಹೆಸರು ಹಿಡಿದು ಕರೆಯುವ ಗಳಿಗೆಗಾಗಿ ತಿಂಗಳುಗಟ್ಟಲೆ ಕಾಯಿಸಿರುವಾಗ, ಧಾರವಾಡದಿಂದ ಬಂದ ಸಂಭಾಷಣೆಕಾರರು ಒಂದು ಜಗಳದ ದೃಶ್ಯದಲ್ಲಿ ಸಹಜವೆನಿಸಿ ಏಕವಚನ ಹಾಕಿದರೆ ಆ ಕಾಯುವಿಕೆ ನೀರುಪಾಲು. ಹಾಸನದ ಅತ್ತೆ ಬುಧವಾರ ಮಾತ್ರ ಉತ್ತರ ಕರ್ನಾಟಕದವಳಾಗುವ ತೊಡಕು ಬೇರೆ. ಇದಕ್ಕೆ ಸಿಕ್ಕ ಪರಿಹಾರ ಸರಳವಾದದ್ದು: ಬರೆದದ್ದನ್ನು ಬರೆದವರು ಓದದೆ ಇನ್ನೊಬ್ಬರು ಗಟ್ಟಿಯಾಗಿ ಓದುವುದು.

ಗುರುವಾರದ ಟಿಆರ್‌ಪಿ, ಅಂದರೆ ಎಷ್ಟು ಮಂದಿ ನೋಡಿದರೆಂಬ ಅಂದಾಜು ಅಂಕಿ, ಇಳಿದರೆ ಟ್ರ್ಯಾಕ್ ಬದಲಾಗುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹಕ್ಕಿನ ಪ್ರಶ್ನೆ ಮಾತ್ರ ಗಂಭೀರ. ಹಲವರ ಕೊಡುಗೆಯನ್ನು ಬೇರ್ಪಡಿಸಲಾಗದಿದ್ದರೆ ಅದು ಜಂಟಿ ಕೃತಿ ಎನ್ನುತ್ತದೆ 1957ರ ಕೃತಿಸ್ವಾಮ್ಯ ಕಾಯ್ದೆ. ಧಾರಾವಾಹಿಯಲ್ಲಿ ಕಾಗದದ ಮೇಲೆ ಎಲ್ಲವೂ ಬೇರೆಬೇರೆ, ಪರದೆಯ ಮೇಲೆ ಯಾವುದೂ ಬೇರೆಯಲ್ಲ. ಅಮೆರಿಕದಲ್ಲಿ ಬರಹಗಾರರೆಲ್ಲ ಒಂದೇ ಕೋಣೆಯಲ್ಲಿ ಕುಳಿತು ಕಥೆ ಕಟ್ಟುವ ಪದ್ಧತಿಯಿದೆ, ಆ ಕೋಣೆಯಲ್ಲಿ ಕನಿಷ್ಠ ಇಷ್ಟು ಮಂದಿ ಇರಲೇಬೇಕೆಂಬುದು 2023ರಲ್ಲಿ 148 ದಿನ ನಡೆದ ಮುಷ್ಕರದ ಬೇಡಿಕೆಗಳಲ್ಲೊಂದಾಗಿತ್ತು. ಇಲ್ಲಿ ಹೆಸರು ಪಟ್ಟಿಗೆ ಸೇರಲು ಲೇಖಕ ಎರಡು ತಿಂಗಳು ಕಾದ, ಕೇಳಿದಾಗಲೆಲ್ಲ ಸಿಕ್ಕ ಉತ್ತರ ‘ಮುಂದಿನ ವಾರ’.

2021ರ ಮೇ ತಿಂಗಳಲ್ಲಿ ಲಾಕ್‌ಡೌನ್‌ನಿಂದ ಇಲ್ಲಿ ಚಿತ್ರೀಕರಣ ನಿಂತು, ಹಲವು ಕನ್ನಡ ತಂಡಗಳು ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಗೆ ಹೊರಟಾಗ, ಲೆಕ್ಕದ ಪುಸ್ತಕ ವಿಜಯನಗರದಲ್ಲೇ ಉಳಿಯಿತು. ಬೆಳಗ್ಗೆ ಆರಕ್ಕೇ ಅಲ್ಲಿಂದ ಸಹನಿರ್ದೇಶಕರ ಫೋನು: ‘ಸಾರ್, ಚಿಕ್ಕಪ್ಪಂಗೆ ಪತ್ರದ ವಿಷಯ ಗೊತ್ತಾ?’ ಪುಟದಲ್ಲಿ ಆ ಮನೆ ಖಾಲಿಯಿದ್ದರೆ, ಚಿಕ್ಕಪ್ಪನನ್ನು ಆ ದೃಶ್ಯ ಮುಗಿಯುವವರೆಗೆ ಪಕ್ಕದ ಕೋಣೆಗೆ ಕಳಿಸಲಾಗುತ್ತಿತ್ತು.