ಹೆಸರು ಗುಟ್ಟಾಗಿರಲಿ, ತೀರ್ಮಾನ ತಿಳಿಯಲಿ

ಸ್ವಯಂಸೇವಕರ ಸಂಘ ನಡೆಸುವ ಗೆಳೆಯರೇ, ಯಾರನ್ನಾದರೂ ಕೈಬಿಡಬೇಕಾಗಿ ಬಂದರೆ ಎದುರು ಕೂರಿಸಿಕೊಂಡು ಕಾರಣ ಹೇಳಿ, ಅವರ ಮಾತನ್ನೂ ಕೇಳಿ. ನಮ್ಮ ಬಳಗದಲ್ಲಿ ಒಬ್ಬ ಹುಡುಗನನ್ನು ಸದ್ದಿಲ್ಲದೆ ವಾಟ್ಸಾಪ್ ಗುಂಪಿನಿಂದ ತೆಗೆದಿದ್ದೆವು. ಬೆಳಗಾಗುವಷ್ಟರಲ್ಲಿ ಅವನು ಚಂದಾ ಹಣ ತಿಂದನೆಂಬ ಗುಸುಗುಸು. ಅವನ ತಪ್ಪು ಅದಾಗಿರಲೇ ಇಲ್ಲ. ಅವನ ತಾಯಿ ಬೀದಿಯ ಅಂಗಡಿಗೆ ಬರುವುದನ್ನೇ ಬಿಟ್ಟರು. ಅದು ನನ್ನನ್ನು ಇನ್ನೂ ಚುಚ್ಚುತ್ತದೆ.

ಹೆಸರು ಗುಟ್ಟಾಗಿಟ್ಟೂ ತೀರ್ಮಾನ ತಿಳಿಸುವುದು ಹೇಗೆಂಬುದಕ್ಕೆ ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯನ್ನು ನೋಡಿ. ಸಂಬಳವಿಲ್ಲದೆ ದುಡಿಯುವವರನ್ನೂ ಅದು ಒಳಗೊಂಡಿದೆ. ಅದರ 16ನೇ ಸೆಕ್ಷನ್ ಪ್ರಕಾರ ದೂರು ಕೊಟ್ಟವರ, ಆರೋಪ ಹೊತ್ತವರ, ಸಾಕ್ಷಿಗಳ ಗುರುತು ಹೊರಬೀಳುವಂತಿಲ್ಲ. ಆದರೆ ನ್ಯಾಯ ಸಿಕ್ಕಿದ್ದನ್ನು ನೊಂದವರ ಸುಳಿವು ಬಿಡದೆ ತಿಳಿಸಬಹುದು. ಹಣದ ವಿಷಯವಾದರೆ ಲೆಕ್ಕವನ್ನು ಸಭೆಯ ಮುಂದಿಡಿ.