ಘಟ್ಟದ ಮೇಲಿನ ಮಳೆ, ನಮ್ಮ ಹಟ್ಟಿಯ ಹುಲ್ಲು



ಬೈಹುಲ್ಲು ತುಂಬಿದ ಲಾರಿ ಊರಿಗೆ ಬಂದಾಗ ಎಲ್ಲಿಯ ಹುಲ್ಲು ಎಂದು ಕೇಳಿದರೆ ಸಿಗುವ ಉತ್ತರ ಒಂದೇ: "ಘಟ್ಟದ ಮೇಲಿನದ್ದು." ಆ ಘಟ್ಟದ ಮೇಲಿನ ನಾಡು ಹೇಗಿದೆ? ಅಲ್ಲಿನವರು ಹೇಗೆ ಬದುಕುತ್ತಾರೆ? ಅಲ್ಲಿ ಬೆಳೆ ಬದಲಾದರೆ ನಮ್ಮ ಹಾಲಿನ ಲೆಕ್ಕ ಯಾಕೆ ಬದಲಾಗುತ್ತದೆ? ಈ ಸಂಚಿಕೆಯಲ್ಲಿ ಅದನ್ನು ತಿಳಿಯೋಣ.

ನೆಲ ಮತ್ತು ನೀರು

ನಮ್ಮ ಕಡೆಯಿಂದ ಘಟ್ಟ ಹತ್ತಲು ಮೂರು ಮುಖ್ಯ ದಾರಿಗಳಿವೆ. ಕೊಲ್ಲೂರಿನಿಂದ ನಾಗೋಡಿ, ಹೊಸಂಗಡಿಯಿಂದ ಹುಲಿಕಲ್, ಹೆಬ್ರಿ–ಸೋಮೇಶ್ವರದಿಂದ ಆಗುಂಬೆ. ಹತ್ತಿದ ಮೇಲೆ ಸಿಗುವುದು ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳು, ಅವುಗಳಾಚೆ ಸಾಗರ. ಕೊಲ್ಲೂರಿನ ನೆತ್ತಿಯ ಮೇಲಿರುವ ಕೊಡಚಾದ್ರಿ ಬೆಟ್ಟದ ಎತ್ತರ 1,343 ಮೀಟರ್.

ಕಡಲಿನಿಂದ ಬಂದ ಮೋಡ ಮೊದಲು ಮುಟ್ಟುವುದು ಈ ಬೆಟ್ಟಗಳನ್ನು. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ.

ಘಟ್ಟದ ನೆತ್ತಿಯಲ್ಲಿ ಬಿದ್ದ ಮಳೆ ಎರಡು ಪಾಲಾಗುತ್ತದೆ. ಪಡುವಣಕ್ಕೆ ಇಳಿದ ನೀರು ಸೀತಾ, ವಾರಾಹಿ, ಚಕ್ರಾ, ಸೌಪರ್ಣಿಕಾ ಹೊಳೆಗಳಾಗಿ ನಮ್ಮ ಬೈಲುಗಳಿಗೆ ಬರುತ್ತದೆ. ಸೀತಾ ನದಿ ಬ್ರಹ್ಮಾವರ ತಾಲ್ಲೂಕಿನ ಕೋಡಿಬೆಂಗ್ರೆಯ ಹತ್ತಿರ ಸ್ವರ್ಣೆಯೊಂದಿಗೆ ಕಡಲು ಸೇರಿದರೆ, ಉಳಿದವು ಗಂಗೊಳ್ಳಿಯಲ್ಲಿ ಕೂಡಿ ಪಂಚಗಂಗಾವಳಿಯಾಗುತ್ತವೆ. ವಾರಾಹಿಯ ನೀರನ್ನು ಮಾಣಿಯಲ್ಲಿ ತಡೆದು, ಹೊಸಂಗಡಿಯ ನೆಲದಡಿಯ ವಿದ್ಯುದಾಗಾರದಲ್ಲಿ 460 ಮೆಗಾವಾಟ್ ವರೆಗೆ ಕರೆಂಟು ತೆಗೆಯಬಹುದು.

ಮೂಡಣಕ್ಕೆ ಇಳಿದ ನೀರು ತುಂಗಾ, ಭದ್ರಾ ನದಿಗಳನ್ನು ಸೇರುತ್ತದೆ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ನೀರು ನಾಲೆಗಳಲ್ಲಿ ಹರಿದು ಭದ್ರಾವತಿ, ದಾವಣಗೆರೆ, ಹರಿಹರದ ಕಡೆ ಭತ್ತ ಬೆಳೆಸುತ್ತದೆ. ಆ ಗದ್ದೆಗಳ ಹುಲ್ಲು ಲಾರಿ ಹತ್ತಿ ಘಟ್ಟ ಇಳಿಯುತ್ತದೆ. ಹೀಗೆ ಒಂದೇ ಬೆಟ್ಟಸಾಲಿನ ಮಳೆ ನಮಗೆ ಒಮ್ಮೆ ಹೊಳೆಯಾಗಿ ಬರುತ್ತದೆ, ಇನ್ನೊಮ್ಮೆ ಹುಲ್ಲಾಗಿ ಬರುತ್ತದೆ. ಹೊಳೆ ದುಡ್ಡು ಕೇಳುವುದಿಲ್ಲ. ಹುಲ್ಲಿಗೆ ನಾವು ಬೆಲೆ ಕೊಡುತ್ತೇವೆ, ಸಾಗಾಟದ ಬಾಡಿಗೆಯನ್ನೂ ಕೊಡುತ್ತೇವೆ.

ಜನ

ಘಟ್ಟದ ಮೇಲು ಮತ್ತು ಕೆಳಗು ಹಿಂದೆ ಒಂದೇ ಆಡಳಿತದಲ್ಲಿದ್ದವು. 17ನೇ ಶತಮಾನದಲ್ಲಿ ಕೆಳದಿಯ ಅರಸರು ಇಂದಿನ ಹೊಸನಗರ ತಾಲ್ಲೂಕಿನ ಬಿದನೂರಿನಿಂದ ನಮ್ಮ ಕರಾವಳಿಯನ್ನೂ ಆಳಿದರು. ರಾಣಿ ಚೆನ್ನಮ್ಮ ಇದೇ ಮನೆತನದವಳು. ಬಸರೂರು ಬಂದರಿನಲ್ಲಿ ಮೇಲಿನ ಕಾಳುಮೆಣಸೂ ಕೆಳಗಿನ ಅಕ್ಕಿಯೂ ಹಡಗೇರುತ್ತಿದ್ದವು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ನಂತರ ಅದು ನಗರವಾಯಿತು.

ಅಲ್ಲಿನ ಊರುಗಳಲ್ಲಿ ದೀವರು, ಹವ್ಯಕರು, ಒಕ್ಕಲಿಗರು, ಲಿಂಗಾಯತರು, ಹಸಲರು ಹೀಗೆ ಹಲವು ಜನರಿದ್ದಾರೆ. ಬಹಳ ಕಾಲ ಭೂಮಿ ಕೆಲವರದ್ದು, ದುಡಿಮೆ ಹಲವರದ್ದು ಎಂಬಂತಿತ್ತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ಸತ್ಯಾಗ್ರಹ ಹೂಡಿದರು. ಗೇಣಿಯ ಭತ್ತ ಅಳೆಯುವ ಕೊಳಗವೇ ದೊಡ್ಡದು ಎಂಬುದು ಅವರ ಮುಖ್ಯ ದೂರುಗಳಲ್ಲಿ ಒಂದು. ಬೆಂಬಲಕ್ಕೆ ಬಂದ ರಾಮಮನೋಹರ ಲೋಹಿಯಾ ಅವರನ್ನು ಬಂಧಿಸಲಾಯಿತು. ಮುಂದೆ 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಿಂದ ಉಳುವವರಿಗೆ ಭೂಮಿ ಸಿಕ್ಕಿತು. ಡಿಕ್ಲರೇಷನ್ ಕೊಟ್ಟು ಜಾಗ ಮಾಡಿಕೊಂಡ ಮನೆಗಳು ನಮ್ಮ ತಾಲ್ಲೂಕುಗಳಲ್ಲೂ ಎಷ್ಟೋ ಇವೆ.

ಈ ಕಥೆ ಹಾಲು ಹಾಕುವ ನಮಗೂ ಬೇಕಾದದ್ದು. ಸಂಘದಲ್ಲಿ ಹಾಲಿನ ಅಳತೆ, ಕೊಬ್ಬಿನ ಅಂಶ ಮತ್ತು ಎಸ್‌ಎನ್‌ಎಫ್ ಎಷ್ಟು ಬಂತೆಂದು ದಿನವೂ ನೋಡಿ, ಚೀಟಿ ಇಟ್ಟುಕೊಳ್ಳಿ. ಅಳತೆ ಕೇಳುವುದು ಜಗಳವಲ್ಲ, ಸದಸ್ಯೆಯ ಹಕ್ಕು.

ಬೆಳೆ ಮತ್ತು ದನ

ಮಲೆನಾಡಿನ ಹಳೆಯ ಕೃಷಿಯಲ್ಲಿ ಮೂರು ಅಂಗಗಳಿದ್ದವು: ಕಣಿವೆಯಲ್ಲಿ ಅಡಿಕೆ ತೋಟ, ಬಯಲಲ್ಲಿ ಭತ್ತ, ಮೇಲೆ ಸೊಪ್ಪಿನ ಬೆಟ್ಟ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ, ಗದ್ದೆಯ ಹುಲ್ಲು ದನಕ್ಕೆ. ನಮ್ಮಲ್ಲಿ ಕುಮ್ಕಿ ಜಾಗದಿಂದ ಸೊಪ್ಪು, ತರಗೆಲೆ ತರುತ್ತಿದ್ದುದೂ ಇದೇ ರೀತಿ. ದನವೆಂದರೆ ಮಲೆನಾಡು ಗಿಡ್ಡ. ಮೈ ಸಣ್ಣದು, ಕಾಡಿನಲ್ಲಿ ಮೇದು ಬರುತ್ತದೆ, ಭಾರೀ ಮಳೆಯನ್ನೂ ತಾಳುತ್ತದೆ. ಹಾಲು ಕಡಿಮೆ. ಅದನ್ನು ಸಾಕುತ್ತಿದ್ದುದು ಮುಖ್ಯವಾಗಿ ಗೊಬ್ಬರಕ್ಕೆ.

ಈಗ ಭತ್ತಕ್ಕೆ ಆಳು ಸಿಗದೆ, ಖರ್ಚೂ ಹುಟ್ಟದೆ, ಗದ್ದೆಗಳು ಅಡಿಕೆ ತೋಟವಾಗುತ್ತಿವೆ. ನಾಲೆ ನೀರಿನ ಬಯಲುಸೀಮೆಯಲ್ಲೂ ಇದೇ ನಡೆದಿದೆ. ಅಡಿಕೆಗೆ ಕೊಳೆರೋಗವಿದೆ, ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಒಂದೇ ಬೆಳೆ ನಂಬಿದವರಿಗೆ ಅದು ಆತಂಕ. ನಮಗೆ ಬೇರೆ ಆತಂಕ: ಗದ್ದೆ ಕಡಿಮೆಯಾದಷ್ಟೂ ಹುಲ್ಲು ಕಡಿಮೆ. ನಮ್ಮ ಬೈಲುಗಳಲ್ಲೂ ಸುಗ್ಗಿ ಬೆಳೆ ಬಿಟ್ಟವರು ಬಹಳ. ಕಾರ್ತಿಯ ಹುಲ್ಲು ಕಟಾವಿನ ಯಂತ್ರಕ್ಕೆ ಸಿಕ್ಕಿ, ಮಳೆಯಲ್ಲಿ ನೆನೆದು ಗದ್ದೆಯಲ್ಲೇ ಕೊಳೆಯುವುದೂ ಉಂಟು. ಅಂಗಳದಲ್ಲಿ ಹುಲ್ಲುಕುತ್ರಿ ಕಾಣುವ ಮನೆಗಳು ಈಗ ಎಷ್ಟಿವೆ?

ಇನ್ನೊಂದು ಎತ್ತರದ ನಾಡು

ಆಫ್ರಿಕಾದ ಕೆನ್ಯಾ ದೇಶದ ನಡುವೆಯೂ ಇಂಥದ್ದೇ ಒಂದು ಎತ್ತರದ ನಾಡಿದೆ. ಚಹಾ, ಕಾಫಿ ಬೆಳೆಯುವ ಸಣ್ಣ ಹಿಡುವಳಿಗಳು, ಮನೆಗೆ ಒಂದೆರಡು ಹಸು. ಮೇಯಿಸಲು ಜಾಗವಿಲ್ಲದ್ದರಿಂದ ಹಸುವನ್ನು ಕೊಟ್ಟಿಗೆಯಲ್ಲೇ ಕಟ್ಟಿ, ಹೊಲದ ಅಂಚಿನಲ್ಲಿ ಬೆಳೆದ ನೇಪಿಯರ್ ಹುಲ್ಲನ್ನು ಕೊಯ್ದು ಹಾಕುತ್ತಾರೆ. ಈ ಕೆಲಸದಲ್ಲಿ ಹೆಂಗಸರ ಪಾಲು ದೊಡ್ಡದು. ನೇಪಿಯರ್‌ನ ಮೂಲವೇ ಆಫ್ರಿಕಾ. ಅದನ್ನು ಸಜ್ಜೆಯೊಂದಿಗೆ ಬೆರೆಸಿ ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾನಿಲಯ ಬೆಳೆಸಿದ ತಳಿಗಳೇ ನಮಗೆ ಪರಿಚಯವಿರುವ ಸಿಒ-3, ಸಿಒ-4. ಜಾಗ ಕಡಿಮೆ ಇದ್ದವರೂ ಹಸು ಸಾಕಬಹುದು, ಆದರೆ ಹುಲ್ಲು ನಮ್ಮದೇ ಇರಬೇಕು ಎಂಬುದನ್ನು ಅವರಿಂದ ಕಲಿಯಬಹುದು.

ನೀವು ಮಾಡಬೇಕಾದ ಲೆಕ್ಕ

ಹಸುವೊಂದಕ್ಕೆ ದಿನಕ್ಕೆ 6 ಕಿಲೋ ಬೈಹುಲ್ಲು ಹಾಕಿದರೆ ವರ್ಷಕ್ಕೆ 2,190 ಕಿಲೋ ಬೇಕು. ಒಳ್ಳೆಯ ಹಸಿಹುಲ್ಲು ಇದ್ದು ಇದನ್ನು 3 ಕಿಲೋಗೆ ಇಳಿಸಿದರೆ, ಒಂದೇ ಹಸುವಿನಲ್ಲಿ ವರ್ಷಕ್ಕೆ ಒಂದು ಟನ್ನಿಗಿಂತ ಹೆಚ್ಚು ಹುಲ್ಲು ಕೊಳ್ಳುವುದು ತಪ್ಪುತ್ತದೆ. ನಿಮ್ಮೂರಿನ ಹುಲ್ಲಿನ ದರದಿಂದ ಗುಣಿಸಿ ನೋಡಿ. ಬೈಹುಲ್ಲನ್ನು ಪೂರ್ತಿ ಬಿಡಬೇಡಿ. ಒಣಮೇವು ತೀರಾ ಕಡಿಮೆಯಾದರೆ ಮೆಲುಕು ಹಾಕುವುದೂ ಹಾಲಿನ ಕೊಬ್ಬೂ ಇಳಿಯುತ್ತವೆ.

• ಬೇಸಿಗೆಯಲ್ಲೂ ನೀರು ಸಿಗುವ ಕಡೆ ಹಸುವೊಂದಕ್ಕೆ ಸುಮಾರು 10 ಸೆಂಟ್ಸ್ ಜಾಗದಲ್ಲಿ ನೇಪಿಯರ್ ನೆಡಿ. ಅಷ್ಟಿಲ್ಲದಿದ್ದರೆ ಇದ್ದಷ್ಟರಲ್ಲಿ ಶುರು ಮಾಡಿ.
• ಎರಡು ಗೆಣ್ಣಿರುವ ಕಾಂಡದ ತುಂಡು ಸಾಕು. ನೀರು ನಿಲ್ಲುವ ಜಾಗ ಬೇಡ.
• ಮೊದಲ ಕೊಯ್ಲು 75ರಿಂದ 80 ದಿನಕ್ಕೆ, ಆಮೇಲೆ ಸುಮಾರು 45 ದಿನಕ್ಕೊಮ್ಮೆ. ಬಲಿತರೆ ದಂಟನ್ನು ಹಸು ಬಿಡುತ್ತದೆ. ಕತ್ತರಿಸಿ ಹಾಕಿದರೆ ಹಾಳು ಕಡಿಮೆ.
• ಹಟ್ಟಿ ತೊಳೆದ ನೀರನ್ನು ಚರಂಡಿಗೆ ಬಿಡದೆ ಹುಲ್ಲಿನ ಬುಡಕ್ಕೆ ಹರಿಸಿ.
• ಬೇಲಿಯಲ್ಲಿ ಗ್ಲಿರಿಸಿಡಿಯಾ, ಖಾಲಿ ಗದ್ದೆಯಲ್ಲಿ ಅಲಸಂದೆ ಬೆಳೆಸಿ, ನೇಪಿಯರ್ ಜೊತೆ ಸ್ವಲ್ಪ ಸ್ವಲ್ಪ ಕೊಡಿ.

ಮುಂದಿನ ಸಭೆಗೆ ಬರುವಾಗ ಎರಡು ಸಂಖ್ಯೆ ಬರೆದು ತನ್ನಿ: ಕಳೆದ ವರ್ಷ ನೀವು ಕೊಂಡ ಬೈಹುಲ್ಲಿಗೆ ಎಷ್ಟು ಹಣವಾಯಿತು, ನಿಮ್ಮ ಜಾಗದಲ್ಲಿ ಎಷ್ಟು ಸೆಂಟ್ಸ್ ಹಸಿಹುಲ್ಲಿದೆ. ಎಲ್ಲರ ಲೆಕ್ಕ ಒಟ್ಟು ಸೇರಿಸಿದರೆ ನಿಮ್ಮ ಸಂಘದ ಹಾಲಿನ ಹಣದಲ್ಲಿ ಎಷ್ಟು ಪಾಲು ಲಾರಿ ಹತ್ತಿ ವಾಪಸು ಘಟ್ಟ ಏರುತ್ತಿದೆ ಎಂಬುದು ತಿಳಿಯುತ್ತದೆ.