ಬ್ರೇಕ್ ಲೈಟ್ ಉರಿಯುತ್ತಿಲ್ಲವೇ? ಬಲ್ಬು ಬದಲಿಸುವ ಮುಂಚೆ ಅರ್ಥ್ ನೋಡಿ

ಗೆಳೆಯರೇ, ಈ ವಾರ ಕಾಫಿ, ಮೆಣಸು, ಶುಂಠಿ ಎಲ್ಲವನ್ನೂ ಸ್ವಲ್ಪ ಪಕ್ಕಕ್ಕಿಟ್ಟು, ಅವನ್ನೆಲ್ಲ ಹೊರುವ ಗಾಡಿಯ ಬಗ್ಗೆ ಮಾತಾಡೋಣ. ಅದರಲ್ಲೂ ನಾವು ಯಾರೂ ತಿರುಗಿ ನೋಡದ ಹಿಂದಿನ ಬ್ರೇಕ್ ಲೈಟ್ ಬಗ್ಗೆ.

ಕಳೆದ ವರ್ಷ ಜುಲೈನಲ್ಲಿ ಬೋರ್ಡೊ ಸಿಂಪಡಣೆಗೆ ಮೈಲುತುತ್ತ, ಸುಣ್ಣ ತುಂಬಿಕೊಂಡು ಆಲೂರಿನಿಂದ ಕೆಂಚಮ್ಮನ ಹೊಸಕೋಟೆ ಕಡೆಗೆ ಬರ್ತಿದ್ದೆ. ಸಂಜೆ ಹೊತ್ತು, ಜಡಿಮಳೆ, ಮೇಲೆ ಮಂಜು. ತಿರುವಿನಲ್ಲಿ ದನ ಅಡ್ಡ ಬಂತು, ಬ್ರೇಕ್ ಒತ್ತಿದೆ. ಹಿಂದೆ ಬರ್ತಿದ್ದ ಬೈಕು ನೇರ ಬಂದು ಪಿಕಪ್‌ಗೆ ಗುದ್ದಿತು. ಓಡಿಸ್ತಿದ್ದ ಹುಡುಗನಿಗೆ ತರಚು ಗಾಯ. ಹಿಂದೆ ಕೂತಿದ್ದ ಅವನ ತಾಯಿಯ ಮುಂಗೈ ಮೂಳೆ ಮುರೀತು. "ಅಣ್ಣಾ, ನಿಮ್ ಗಾಡಿ ಲೈಟ್ ಉರೀತಿತ್ತು, ಆದ್ರೆ ನೀವು ಬ್ರೇಕ್ ಹಾಕಿದ್ದೇ ಗೊತ್ತಾಗ್ಲಿಲ್ಲ" ಅಂದ ಹುಡುಗ. ಅವನ ಮಾತು ನಿಜವಾಗಿತ್ತು. ಟೈಲ್ ಲೈಟ್ ಉರೀತಿತ್ತು. ಬ್ರೇಕ್ ಒತ್ತಿದರೆ ಬೆಳಕು ಹೆಚ್ಚಾಗುವ ಬದಲು ಇನ್ನೂ ಮಂಕಾಗ್ತಿತ್ತು.

ನಾಚಿಕೆಯ ಸಂಗತಿ ಅಂದ್ರೆ, ಅದಕ್ಕೆ ಎರಡು ತಿಂಗಳ ಹಿಂದೆಯೇ ಇದೇ ತೊಂದರೆಗೆ ಎರಡೂ ಬಲ್ಬು ಬದಲಾಯಿಸಿದ್ದೆ, ಆಮೇಲೆ ಪೆಡಲ್ ಸ್ವಿಚ್ಚನ್ನೂ ಬದಲಾಯಿಸಿದ್ದೆ. ಪ್ರತಿ ಸಲ ನಾಲ್ಕು ದಿನ ಸರಿಯಾಗ್ತಿತ್ತು, ಮತ್ತೆ ಅದೇ ಕತೆ. ಅಪಘಾತ ಆದಮೇಲೆ ಒಬ್ಬ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅವರು ಸ್ಪ್ಯಾನರ್ ಮುಟ್ಟಲೇ ಇಲ್ಲ. "ಮೊದಲು ಕರೆಂಟ್ ಎಲ್ಲಿ ನಿಂತಿದೆ ನೋಡೋಣ ಕಣಪ್ಪ, ಸಾಮಾನು ಆಮೇಲೆ ತರೋಣ" ಅಂದರು. ಅವರ ಹತ್ತಿರ ಕಲಿತದ್ದನ್ನೇ ಇಲ್ಲಿ ಬರೀತಿದ್ದೇನೆ.

ಕರೆಂಟ್ ಹೋಗುವ ದಾರಿ, ಬರುವ ದಾರಿ

ಬ್ಯಾಟರಿಯ ಪ್ಲಸ್‌ನಿಂದ ಕರೆಂಟು ಫ್ಯೂಸಿಗೆ, ಅಲ್ಲಿಂದ ಬ್ರೇಕ್ ಪೆಡಲ್ ಹತ್ತಿರದ ಸ್ವಿಚ್ಚಿಗೆ, ಅಲ್ಲಿಂದ ಚಾಸಿ ಪಕ್ಕದ ಉದ್ದ ವೈರಿನಲ್ಲಿ ಹಿಂದಿನ ಬಲ್ಬಿಗೆ ಹೋಗುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಬಲ್ಬಿನಿಂದ ಅದು ಬ್ಯಾಟರಿಯ ಮೈನಸ್‌ಗೆ ವಾಪಸ್ ಬರಬೇಕು ಅನ್ನೋದನ್ನೇ ನಾವು ಮರೆಯೋದು. ಹೆಚ್ಚಿನ ಗಾಡಿಗಳಲ್ಲಿ ಆ ವಾಪಸ್ ದಾರಿ ಅಂದ್ರೆ ಗಾಡಿಯ ಕಬ್ಬಿಣದ ಮೈ. ಬಲ್ಬ್ ಹೋಲ್ಡರಿನಿಂದ ಒಂದು ವೈರು ಬಂದು ಮೈಗೆ ಬೋಲ್ಟ್ ಆಗಿರುತ್ತದೆ. ಅದೇ ಅರ್ಥ್.

ತೋಟದ ಸ್ಪ್ರಿಂಕ್ಲರ್ ನೆನಪಿಸಿಕೊಳ್ಳಿ. ಮೋಟಾರ್ ಚೆನ್ನಾಗಿದ್ದರೂ ಪೈಪಿನೊಳಗೆ ಕಸ ಕಟ್ಟಿಕೊಂಡರೆ ಕೊನೆಯ ಜೆಟ್ ತಿರುಗುವುದಿಲ್ಲ. ಜೆಟ್ ಬದಲಾಯಿಸಿದರೆ ಏನು ಪ್ರಯೋಜನ? ವೈರಿಂಗೂ ಹಾಗೆಯೇ. ಒಂದೇ ವ್ಯತ್ಯಾಸ ಅಂದ್ರೆ ಇಲ್ಲಿ ಕಸ ವಾಪಸ್ ದಾರಿಯಲ್ಲಿ ಕಟ್ಟಿಕೊಂಡರೂ ಬಲ್ಬ್ ಉರಿಯುವುದಿಲ್ಲ.

ಹಿಂದಿನ ಬಲ್ಬು ಸಾಮಾನ್ಯವಾಗಿ 12 ವೋಲ್ಟಿನ 21/5 ವ್ಯಾಟ್ ಇರುತ್ತದೆ. ಒಂದೇ ಗಾಜಿನೊಳಗೆ ಎರಡು ತಂತಿ. 5 ವ್ಯಾಟ್ ಟೈಲ್ ಲೈಟಿಗೆ, 21 ವ್ಯಾಟ್ ಬ್ರೇಕಿಗೆ. ಎರಡಕ್ಕೂ ವಾಪಸ್ ದಾರಿ ಒಂದೇ. ಬ್ರೇಕ್ ಒತ್ತಿದಾಗ ಎರಡೂ ಬಲ್ಬು ಸೇರಿ ಸುಮಾರು 3.5 ಆಂಪಿಯರ್ ಎಳೆಯುತ್ತವೆ. ಅರ್ಥ್ ಅರ್ಧಂಬರ್ಧ ಇದ್ದರೆ ಟೈಲ್ ಲೈಟಿನ ಸಣ್ಣ ಕರೆಂಟು ಹೇಗೋ ದಾಟುತ್ತದೆ, ಬ್ರೇಕಿನ ದೊಡ್ಡ ಕರೆಂಟು ದಾಟುವುದಿಲ್ಲ. ನನ್ನ ಗಾಡಿಯಲ್ಲಿ ಆಗಿದ್ದು ಇದೇ.

ಲಕ್ಷಣ ನೋಡಿ ಜಾಗ ಹಿಡಿಯಿರಿ

ಎಲೆ ನೋಡಿ ರೋಗ ಹೇಳುವ ಹಾಗೆ ಇಲ್ಲೂ ಲಕ್ಷಣ ಮಾತಾಡುತ್ತದೆ.

- ಒಂದು ಕಡೆ ಮಾತ್ರ ಉರಿಯುತ್ತಿಲ್ಲ: ಆ ಕಡೆಯ ಬಲ್ಬು, ಹೋಲ್ಡರು ಅಥವಾ ಅರ್ಥ್.
- ಎರಡೂ ಉರಿಯುತ್ತಿಲ್ಲ, ಟೈಲ್ ಲೈಟ್ ಸರಿಯಾಗಿದೆ: ಫ್ಯೂಸು, ಪೆಡಲ್ ಸ್ವಿಚ್ಚು ಅಥವಾ ಹಿಂದಕ್ಕೆ ಹೋಗುವ ವೈರು.
- ಬ್ರೇಕ್ ಒತ್ತಿದರೆ ಎಲ್ಲ ಮಂಕಾಗುತ್ತದೆ, ಅಥವಾ ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟೂ ಮಿನುಗುತ್ತದೆ: ಬಹುಮಟ್ಟಿಗೆ ಅರ್ಥ್.
- ಪೆಡಲಿನಿಂದ ಕಾಲು ತೆಗೆದರೂ ಆರುವುದಿಲ್ಲ: ಸ್ವಿಚ್ಚಿನ ಅಡ್ಜಸ್ಟ್‌ಮೆಂಟ್ ತಪ್ಪಿದೆ, ಇಲ್ಲವೇ ಸ್ವಿಚ್ಚನ್ನು ಒತ್ತಿ ಹಿಡಿಯುವ ಪೆಡಲಿನ ರಬ್ಬರ್ ಬುಷ್ ಪುಡಿಯಾಗಿದೆ.
- ಫ್ಯೂಸ್ ಪದೇ ಪದೇ ಹೋಗುತ್ತದೆ: ಎಲ್ಲೋ ವೈರಿನ ಸಿಪ್ಪೆ ಸುಲಿದು ಕಬ್ಬಿಣಕ್ಕೆ ತಾಗುತ್ತಿದೆ. ಇಲಿ ಕಡಿದಿರಬಹುದು, ಚಾಸಿಗೆ ಉಜ್ಜಿರಬಹುದು.

ಒಬ್ಬರೇ ಇದ್ದರೆ ಹಿಂದೆ ಒಂದು ಮೂಟೆ ಮೇಲೆ ಮೊಬೈಲ್ ಒರಗಿಸಿ ವಿಡಿಯೋ ಆನ್ ಮಾಡಿ. ಬಂದು ಬ್ರೇಕ್ ಒತ್ತಿ. ಮೊದಲು ಪಾರ್ಕಿಂಗ್ ಲೈಟ್ ಆಫ್ ಇಟ್ಟು, ಆಮೇಲೆ ಆನ್ ಮಾಡಿ, ಕೊನೆಗೆ ಇಂಡಿಕೇಟರ್ ಹಾಕಿ. ಮೂರನ್ನೂ ನೋಡಲೇಬೇಕು. ನಾನು ಹಗಲಲ್ಲಿ ಲೈಟ್ ಆಫ್ ಇಟ್ಟು ನೋಡಿ, ಏನೋ ಮಿಣುಕು ಕಂಡಿದ್ದಕ್ಕೆ ಸರಿ ಇದೆ ಅಂದುಕೊಂಡಿದ್ದೆ.

ಪರೀಕ್ಷೆ: ಟೆಸ್ಟ್ ಲ್ಯಾಂಪ್ ಸಾಕು

ಒಂದು 12 ವೋಲ್ಟಿನ 21 ವ್ಯಾಟ್ ಬಲ್ಬು, ಹೋಲ್ಡರು, ಎರಡು ಉದ್ದ ವೈರು, ಒಂದರ ತುದಿಗೆ ಕ್ಲಿಪ್ಪು. ಇದೇ ಟೆಸ್ಟ್ ಲ್ಯಾಂಪ್. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ಶುರು ಮಾಡಿ. ಕೆಲವು ಗಾಡಿಗಳಲ್ಲಿ ಕೀ ಆನ್ ಇದ್ದರಷ್ಟೇ ಬ್ರೇಕ್ ಲೈಟ್ ಬರುತ್ತದೆ, ನೆನಪಿರಲಿ.

1. ಬಲ್ಬು ತೆಗೆದು ಎರಡೂ ತಂತಿ ನೋಡಿ. ಹೋಲ್ಡರಿನೊಳಗೆ ಹಸಿರು ಕಿಲುಬು ಕಟ್ಟಿದ್ದರೆ ಉಪ್ಪುಕಾಗದದಿಂದ ಉಜ್ಜಿ. ಬಲ್ಬಿನ ಎರಡು ಪಿನ್ನುಗಳು ಮೇಲೆ ಕೆಳಗೆ ಇರುತ್ತವೆ, ಬಲವಂತವಾಗಿ ತಿರುಗಿಸಿ ಉಲ್ಟಾ ಕೂರಿಸಬೇಡಿ.
2. ಫ್ಯೂಸ್ ನೋಡಿ. ಹೋಗಿದ್ದರೆ ಅದರ ಮೇಲೆ ಬರೆದಷ್ಟೇ ಆಂಪಿಯರಿನದು ಹಾಕಿ. ದಪ್ಪ ಫ್ಯೂಸು, ತಂತಿ, ಸಿಗರೇಟ್ ಕಾಗದ ಯಾವುದೂ ಬೇಡ. ವೈರಿಂಗ್ ಹತ್ತಿ ಉರಿಯಲು ಅಷ್ಟು ಸಾಕು.
3. ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬ್ಯಾಟರಿ ಮೈನಸ್‌ಗೆ ಹಾಕಿ. ಇನ್ನೊಂದು ತುದಿಯನ್ನು ಹೋಲ್ಡರಿನೊಳಗಿನ ಬ್ರೇಕ್ ಪಾಯಿಂಟಿಗೆ ಮುಟ್ಟಿಸಿ, ಪೆಡಲ್ ಒತ್ತಿಸಿ. ಚೆನ್ನಾಗಿ ಉರಿದರೆ ಹೋಗುವ ದಾರಿ ಸರಿ ಇದೆ.
4. ಈಗ ಕ್ಲಿಪ್ಪನ್ನು ಬ್ಯಾಟರಿಯಿಂದ ತೆಗೆದು ಹೋಲ್ಡರಿನ ಲೋಹದ ಮೈಗೆ ಹಾಕಿ. ಬ್ರೇಕ್ ಪಾಯಿಂಟಿಗೆ ಮತ್ತೆ ಮುಟ್ಟಿಸಿ. ಲ್ಯಾಂಪು ಮಂಕಾದರೆ ಅಥವಾ ಆರಿಹೋದರೆ ಬರುವ ದಾರಿ, ಅಂದ್ರೆ ಅರ್ಥ್ ಕೆಟ್ಟಿದೆ.
5. ಮೂರನೇ ಹಂತದಲ್ಲೇ ಉರಿಯದಿದ್ದರೆ ಪೆಡಲ್ ಸ್ವಿಚ್ಚಿಗೆ ಹೋಗಿ. ಕ್ಲಿಪ್ಪು ಮೈನಸ್‌ನಲ್ಲೇ ಇರಲಿ. ಸ್ವಿಚ್ಚಿಗೆ ಬರುವ ವೈರಿನಲ್ಲಿ ಕರೆಂಟ್ ಇದ್ದು, ಪೆಡಲ್ ಒತ್ತಿದಾಗ ಹೊರಗಿನ ವೈರಿನಲ್ಲಿ ಇಲ್ಲ ಅಂದ್ರೆ ಸ್ವಿಚ್ಚು ಕೆಟ್ಟಿದೆ. ಎರಡರಲ್ಲೂ ಇದ್ದರೆ ಹಿಂದಕ್ಕೆ ಹೋಗುವ ವೈರು ಎಲ್ಲೋ ತುಂಡಾಗಿದೆ.

ಮಲ್ಟಿಮೀಟರ್ ಇದ್ದವರಿಗೆ ಒಂದು ಎಚ್ಚರಿಕೆ. ಬಲ್ಬು ತೆಗೆದು ವೋಲ್ಟೇಜ್ ನೋಡಿದರೆ ಕೆಟ್ಟ ಜಾಯಿಂಟಿನಲ್ಲೂ 12 ವೋಲ್ಟ್ ತೋರಿಸುತ್ತದೆ, ಯಾಕಂದ್ರೆ ಆಗ ಕರೆಂಟು ಹರಿಯುತ್ತಲೇ ಇಲ್ಲ. ಬಲ್ಬು ಹಾಕಿ, ಬ್ರೇಕ್ ಒತ್ತಿಸಿಕೊಂಡು, 20 ವೋಲ್ಟ್ ಡಿಸಿ ರೇಂಜಿನಲ್ಲಿ ಹೋಲ್ಡರಿನ ಮೈಗೂ ಬ್ಯಾಟರಿ ಮೈನಸ್‌ಗೂ ನಡುವೆ ಅಳೆಯಿರಿ. ಅರ್ಧ ವೋಲ್ಟಿಗಿಂತ ಕಡಿಮೆ ಇರಬೇಕು. ನನ್ನ ಗಾಡಿಯಲ್ಲಿ 7 ವೋಲ್ಟ್ ಇತ್ತು! ಬಲ್ಬಿಗೆ ಸಿಗಬೇಕಾದ ಅರ್ಧಕ್ಕಿಂತ ಹೆಚ್ಚು ಆ ಒಂದು ಬೋಲ್ಟಿನಲ್ಲೇ ಮುಗಿದು ಹೋಗ್ತಿತ್ತು.

ಬೋಲ್ಟ್ ಯಾಕೆ ಕೆಟ್ಟಿತು?

ಎರಡೂ ಬಲ್ಬುಗಳ ಅರ್ಥ್ ವೈರು ಹಿಂದಿನ ಡೆಕ್ಕಿನ ಕೆಳಗೆ ಒಂದೇ ಬೋಲ್ಟಿಗೆ ಸೇರಿತ್ತು. ಆ ಡೆಕ್ಕಿನ ಮೇಲೆ ನಾನು ವರ್ಷಗಟ್ಟಲೆ ಹೊತ್ತಿದ್ದು ಏನು? ಯೂರಿಯಾ, ಪೊಟ್ಯಾಷ್, ಮೈಲುತುತ್ತ. ಹರಿದ ಚೀಲದಿಂದ ಉದುರಿದ ಗೊಬ್ಬರ ಮಳೆನೀರಿನಲ್ಲಿ ಕರಗಿ ತೂತಿನಿಂದ ಇಳಿದು ಅದೇ ಬೋಲ್ಟಿನ ಮೇಲೆ ತೊಟ್ಟಿಕ್ಕಿತ್ತು. ಉಪ್ಪಿನ ನೀರು ಕಬ್ಬಿಣವನ್ನು ಬೇಗ ತಿನ್ನುತ್ತದೆ. ಮೈಲುತುತ್ತದ ನೀರಂತೂ ಇನ್ನೂ ಜೋರು, ಅದಕ್ಕೇ ಅಲ್ಲವೇ ಬೋರ್ಡೊಗೆ ಅದನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದು ಅನ್ನೋದು. ಗಿಡಕ್ಕೆ ಗೊತ್ತಿದ್ದ ಪಾಠ ಗಾಡಿಗೆ ಅನ್ವಯಿಸೋದು ನನಗೆ ಹೊಳೆದಿರಲಿಲ್ಲ. ಬಲ್ಬು ಬದಲಾಯಿಸುವಾಗ ವೈರು ಅಲುಗಾಡಿ ನಾಲ್ಕು ದಿನ ಅರ್ಥ್ ಹಿಡೀತಿತ್ತು, ಅಷ್ಟೆ.

ರಿಪೇರಿಗೆ ಬ್ಯಾಟರಿಯ ಮೈನಸ್ ಬಿಚ್ಚಿಟ್ಟುಕೊಳ್ಳಿ. ಬೋಲ್ಟ್ ಕೂರುವ ಜಾಗವನ್ನು ಬಿಳಿ ಕಬ್ಬಿಣ ಹೊಳೆಯುವವರೆಗೆ ಉಜ್ಜಿ. ಪೇಂಟಿನ ಮೇಲೆ ಬೋಲ್ಟ್ ಹಾಕಿದರೆ ಅರ್ಥ್ ಸಿಗುವುದಿಲ್ಲ. ಹಳೆ ವೈರಿನ ತುದಿ ಒಳಗೂ ಕಪ್ಪಾಗಿದ್ದರೆ ತಾಮ್ರ ಹೊಳೆಯುವಲ್ಲಿವರೆಗೆ ಕತ್ತರಿಸಿ, ಹೊಸ ರಿಂಗ್ ಲಗ್ ಒತ್ತಿ ಕೂರಿಸಿ, ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ. ಆಮೇಲೆ ಮೇಲಿಂದ ಗ್ರೀಸ್ ಅಥವಾ ವ್ಯಾಸಲಿನ್ ಬಳಿಯಿರಿ. ನಾನು ಬೋಲ್ಟಿನ ಜಾಗವನ್ನೇ ಡೆಕ್ಕಿನ ತೂತಿನಿಂದ ದೂರಕ್ಕೆ ಬದಲಾಯಿಸಿದೆ.

ನಾವೇ ಕೈ ಹಾಕಬಾರದ ಕಡೆ

ಹಳೆ ಜೀಪುಗಳಲ್ಲಿ ಸ್ವಿಚ್ಚು ಪೆಡಲಿನಲ್ಲಿ ಇಲ್ಲದೆ ಬ್ರೇಕ್ ಆಯಿಲ್ ಒತ್ತಡದಿಂದ ಕೆಲಸ ಮಾಡುವುದೂ ಉಂಟು. ಆ ಸ್ವಿಚ್ಚಿನ ಸುತ್ತ ಆಯಿಲ್ ಜಿನುಗಿದ್ದರೆ ಅದು ಲೈಟಿನ ತೊಂದರೆ ಅಲ್ಲ, ಬ್ರೇಕಿನ ತೊಂದರೆ. ಗಾಡಿ ಓಡಿಸಬೇಡಿ, ಮೆಕ್ಯಾನಿಕ್ ಕರೆಸಿ. ಎಬಿಎಸ್ ಇರುವ ಹೊಸ ಗಾಡಿಗಳಲ್ಲಿ ಪೆಡಲ್ ಸ್ವಿಚ್ಚಿನ ಸಿಗ್ನಲ್ ಕಂಪ್ಯೂಟರಿಗೂ ಹೋಗುತ್ತದೆ. ಅಲ್ಲಿ ಬಲ್ಬು, ಫ್ಯೂಸು, ಅರ್ಥ್ ನೋಡಿ ನಿಲ್ಲಿಸಿ. ವೈರು ಚುಚ್ಚುವುದು, ಕತ್ತರಿಸುವುದು ಬೇಡ.

ಮುಂಗಾರಿಗೆ ಮುಂಚೆ

ಮೇ ತಿಂಗಳಲ್ಲಿ ಚರಂಡಿ ಬಿಡಿಸುವ ಹಾಗೆ ಇದಕ್ಕೂ ಅರ್ಧ ದಿನ ಕೊಡಿ. ಗೊಬ್ಬರ ಇಳಿಸಿದ ದಿನವೇ ಡೆಕ್ಕು ತೊಳೆಯಿರಿ. ಶೆಡ್ಡಿನಲ್ಲಿ ಗಾಡಿ ಪಕ್ಕ ಹಿಂಡಿ, ಬೂಸಾ ಮೂಟೆ ಇಡಬೇಡಿ, ಇಲಿಗೆ ಅಲ್ಲೇ ಊಟ ಅಲ್ಲೇ ಮನೆ ಆಗುತ್ತದೆ. ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಶುಂಠಿ ಹೊರುವವರು ಟ್ರೈಲರಿನ ಲೈಟನ್ನೂ ನೋಡಿ, ಹಿಂದೆ ಕೆಂಪು ರಿಫ್ಲೆಕ್ಟರ್ ಟೇಪ್ ಅಂಟಿಸಿ.

ಸಕಲೇಶಪುರ, ಆಲೂರು ಸೀಮೆಯಲ್ಲಿ ನಾವು ಯಾವ ತಿರುವಿನಲ್ಲಿ ಯಾಕೆ ಬ್ರೇಕ್ ಹಾಕ್ತೀವಿ ಅನ್ನೋದು ನಮಗೇ ಗೊತ್ತಿರುವುದಿಲ್ಲ. ದನ ಇರಬಹುದು, ಬಿದ್ದ ಮರ ಇರಬಹುದು, ಆನೆಯೇ ನಿಂತಿರಬಹುದು. ಮಂಜಿನಲ್ಲಿ ಹಿಂದಿನವರಿಗೆ ಅದು ಕಾಣುವುದಿಲ್ಲ. ಅವರಿಗೆ ಕಾಣುವುದು ನಮ್ಮ ಲೈಟು ಮಾತ್ರ.

ಆ ತಾಯಿಯ ಕೈ ಕೂಡಿಕೊಂಡಿದೆ. ಆದರೆ ಆ ಸಲದ ಕಾಫಿ ಕೊಯ್ಲಿಗೆ ಅವರಿಗೆ ಹೋಗಲಾಗಲಿಲ್ಲ. ಚಿಕಿತ್ಸೆ ಖರ್ಚು ನಾನು ಕೊಟ್ಟೆ, ಹೋದ ಕೂಲಿಯ ದಿನಗಳನ್ನು ಪೂರ್ತಿ ತುಂಬಿಕೊಡಲು ನನ್ನಿಂದ ಆಗಲಿಲ್ಲ. ಕೆಟ್ಟಿದ್ದು ಒಂದು ಬೋಲ್ಟು. ಇವತ್ತು ಸಂಜೆ ಗಾಡಿ ಶೆಡ್ಡಿಗೆ ಹಾಕುವಾಗ ಮೊಬೈಲ್ ಹಿಂದೆ ಇಟ್ಟು ಒಂದು ಸಲ ಬ್ರೇಕ್ ಒತ್ತಿ ನೋಡಿ.